ಹದಿನೇಳಕ್ಕೆ ಮುಂಚೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಜೂನ್ ತಿಂಗಳು
ಬರೆದು, ಅಳಿಸಿ, ಮತ್ತೆ ಬರೆದು
ಅಲ್ಲಲ್ಲಿ ತೂತು ಬಿದ್ದಿದೆ.

ಮೊದಲಿಗೆ ಒಂಬತ್ತು ದಿನ ಇತ್ತು ರಜೆ.
ನಾನು, ತಮ್ಮ ಆರ್ವೋ, ಅವನ ಸೋರುವ ಡೇರೆ,
ಡುಲೂತಿನಿಂದ ಸರೋವರದ ಅಂಚು ಹಿಡಿದು ಬಡಗಣಕ್ಕೆ,
ರಸ್ತೆ ಮುಗಿದಲ್ಲಿ ದೋಣಿ ಹತ್ತಿ ದ್ವೀಪಕ್ಕೆ.
ಅಲ್ಲಿ ಫೋನಿಗೆ ಸಿಗ್ನಲ್ಲಿಲ್ಲ.
ಕುದುರೆಗಿಂತ ಎತ್ತರದ ಮೂಸ್‌ಗಳು ಮೊಳಕಾಲುದ್ದ ನೀರಲ್ಲಿ
ಏನೋ ಮರೆತವರ ಹಾಗೆ ನಿಂತಿರುತ್ತವಂತೆ.
ದೋಣಿಗೂ ಅದರದೇ ಪಾಳಿ: ಬುಧವಾರ, ಶನಿವಾರ.
ಗಾಳಿ ಎದ್ದರೆ ಅದೂ ಇಲ್ಲ.

ಆಗಿನ್ನೂ ಪರೀಕ್ಷೆಯೇ ಆಗಿರಲಿಲ್ಲ.
ಎಂಬತ್ತೈದನೇ ಪ್ರಶ್ನೆಗೆ ಪರದೆ ತಟ್ಟನೆ ಕಪ್ಪಾಯಿತು.
ಪಾಸಾದವರಿಗೂ ಕಪ್ಪೇ, ಫೇಲಾದವರಿಗೂ ಕಪ್ಪೇ.
ಕಾರಿನಲ್ಲಿ ಕೂತು ಒಂದು ಪೊಟ್ಟಣ ಉಪ್ಪು ಬಿಸ್ಕತ್ತು ತಿಂದೆ
ಸಂದರ್ಶನದಲ್ಲಿ ಹಾಲ್‌ಬರ್ಗ್ ಮೇಡಂ ಕೇಳಿದ್ದರು,
"ನಿನಗೇನಾದರೂ ಕೇಳುವುದಿದೆಯಾ?"
ಇತ್ತು. ಗಂಟಲವರೆಗೆ ಬಂದಿತ್ತು.
"ಕಾರು ಎಲ್ಲಿ ನಿಲ್ಲಿಸಬೇಕು?" ಅಂದೆ.

ಕೆಲಸ ಸಿಕ್ಕಿತು. ನಾಲ್ಕನೇ ಮಹಡಿ, ಹೃದಯದ ವಾರ್ಡು,
ರಾತ್ರಿ ಪಾಳಿ, ಜೂನ್ ಹದಿನೇಳಕ್ಕೆ ಹಾಜರಿ.
ನಮ್ಮ ದೋಣಿ ಹದಿನೈದಕ್ಕೆ.

ಮೂರು ಸಲ ಬರೆದು ಹರಿದು, ಕೊನೆಗೆ ಫೋನು ಮಾಡಿದೆ.
"ಅಯ್ಯೋ, ಹೋಗಿ ಬಾ ಮಗು," ಅಂದರು ಹಾಲ್‌ಬರ್ಗ್,
"ಆಮೇಲೆ ಎಲ್ಲಿ ಆಗುತ್ತೆ!"
ನೆಲಮಹಡಿಯ ಲೊರೇನ್ ಮಾತ್ರ ಕಂಪ್ಯೂಟರು ನೋಡುತ್ತಾ
"ಹದಿನೇಳು ತಪ್ಪಿದರೆ ಮುಂದಿನ ತಂಡ ಆಗಸ್ಟಿಗೆ" ಅಂದಳು.
ವರ ಕೊಟ್ಟ ದೇವರು ನಾಲ್ಕನೇ ಮಹಡಿಯಲ್ಲಿ,
ಪೂಜಾರಿ ಕೆಳಗೆ, ಬಾಗಿಲ ಪಕ್ಕದಲ್ಲೇ.

ಆಗಸ್ಟಿನವರೆಗೆ ಬಾಡಿಗೆ ಯಾರು ಕಟ್ಟುತ್ತಾರೆ?
ಖಾತೆಯಲ್ಲಿ ಆರುನೂರ ಹನ್ನೆರಡು ಡಾಲರು.
ಅದರಲ್ಲಿ ಶೂ ನೂರನಲವತ್ತು,
ಸ್ಟೆತೊಸ್ಕೋಪು ಅಜ್ಜಿ ಕೊಡಿಸಿದ್ದು, ಅದು ಲೆಕ್ಕಕ್ಕಿಲ್ಲ.
ಒಂಬತ್ತು ದಿನ ಐದಾಯಿತು, ಐದು ಎರಡಾಯಿತು,
ತೆಂಕಣ ಗಾಳಿಗೆ ದಡದ ಮಂಜುಗಡ್ಡೆ ಚೂರಾದ ಹಾಗೆ.

ಆರ್ವೋ ಅದಿರು ಹಡಗುಕಟ್ಟೆಯಲ್ಲಿ
ಎರಡು ಭಾನುವಾರ ಹೆಚ್ಚಿಗೆ ದುಡಿದು ಗಳಿಸಿದ್ದ ರಜೆ ಅದು.
ಬಯ್ದಿದ್ದರೆ ಚೆನ್ನಾಗಿತ್ತು.
"ಸರಿ ಬಿಡು," ಅಂದ. ಹಿತ್ತಲಿನಲ್ಲಿ ಡೇರೆ ಹರವಿ
ತೂತಿಗೆಲ್ಲ ಮೇಣ ಹಚ್ಚುತ್ತಾ ಕೂತ, ಕತ್ತಲಾಗುವವರೆಗೆ.
ಶುಕ್ರವಾರ ಒಬ್ಬನೇ ಹೊರಟ.
ಎರಡು ಲೋಟ ತುಂಬಿಕೊಂಡಿದ್ದ,
ಒಂದನ್ನು ತೆಗೆದು ಸಿಂಕಿನಲ್ಲಿಟ್ಟು ಹೋದ.

ನನ್ನ ಪೂರಾ ರಜೆ ಅಂದರೆ ಆ ಭಾನುವಾರ ಮಧ್ಯಾಹ್ನ.
ಹೊಸ ಶೂ ಕಾಲಿಗೆ ಪಳಗಲಿ ಎಂದು
ಎತ್ತುಸೇತುವೆಯಿಂದ ದೀಪಸ್ತಂಭದ ತುದಿಗೆ ಏಳು ಸಲ ನಡೆದೆ.
ಜೂನಿನಲ್ಲೂ ಬೆರಳು ಮರಗಟ್ಟಿಸುವ ನೀರು.
ಸಾವಿರ ಅಡಿ ಉದ್ದದ ಹಡಗೊಂದು ಕೊಂಬು ಊದಿತು,
ಸೇತುವೆ ತಿರುಗಿ ಊದಿತು.
ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.
ಏನು ಹಚ್ಚಬೇಕೆಂದು ನನಗೆ ಗೊತ್ತಿತ್ತು:
ನಾಲ್ಕು ವರ್ಷ ಓದಿದ್ದು ಮೊದಲು ಬಿದ್ದದ್ದು ನನ್ನ ಕಾಲಿಗೇ.

ತರಬೇತಿ ಮುಗಿದ ಮೂರನೇ ರಾತ್ರಿ, ಹದಿಮೂರು ಗಂಟೆ ನಿಂತು,
ಹನ್ನೊಂದನೇ ಹಾಸಿಗೆಯ ಮುದುಕನ ನಾಡಿ ಬೆರಳಲ್ಲೇ ಉಳಿದು,
ಬೆಳಿಗ್ಗೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಆರ್ವೋ!
ಕತ್ತಿನ ತುಂಬ ಸೊಳ್ಳೆ ಕಡಿತ, ಮೈಯೆಲ್ಲ ಹೊಗೆ ವಾಸನೆ,
ಮಾತಿಗೆ ಬಿಡುವೇ ಇಲ್ಲ.
"ಬೆಳಗಿನ ಜಾವ ಡೇರೆಯಾಚೆ ಏನೋ ಉಸಿರಾಡಿದ ಸದ್ದು,
ಜಿಪ್ಪು ಎಳೆದು ನೋಡುತ್ತೇನೆ, ಮೂಸ್, ನೀರಿನಲ್ಲಿ,
ಇಷ್ಟೇ ದೂರ, ನಾನು ಮೆಲ್ಲಗೆ..."

ಮೇಜಿಗೆ ತಲೆ ಆನಿಸಿದ್ದು ನೆನಪಿದೆ.
ಎಚ್ಚರವಾದಾಗ ಸಂಜೆ ಐದು, ಶೂ ಕಾಲಲ್ಲೇ ಇತ್ತು,
ಅವನು ಕೆಲಸಕ್ಕೆ ಹೋಗಿದ್ದ.

ಮುಂದಿನ ಜೂನಿನ ರಜೆಗೆ ಅಕ್ಟೋಬರಿನೊಳಗೆ ಅರ್ಜಿ, ಅನ್ನುತ್ತದೆ ನೋಟೀಸು.
ಬರೆಯಬೇಕು.
ಆ ಮೂಸ್ ಆಮೇಲೆ ಏನು ಮಾಡಿತು
ಇನ್ನೂ ಕೇಳಿಲ್ಲ.