ಗ್ವಾಡಿಗೆ ಬಾಯಿ

ನಾಳೆ ಹನ್ನೊಂದಕ್ಕ ಬರ್ತಾಳ ಆಕಿ, ಸೋಲಾಪುರದಿಂದ.
ಪ್ರಾಜಕ್ತಾ ಜಗದಾಳೆ ಅಂತ ಹೆಸರು. ಫೋನಿನಾಗ
ಮರಾಠಿ ಸಾವಕಾಶ ಮಾತಾಡಿದಳು, ನನ್ನ ಕಿವಿ ಮಂದ ಅಂತ ತಿಳಿದು.
ಮನೀ ಎಷ್ಟು ಕರೆಂಟ್ ತಿಂತದ, ಎಷ್ಟು ಬಿಸಿಲು ಒಳಗ ಬಿಟ್ಟುಕೊಳ್ತದ,
ಎಲ್ಲಾ ಅಳೆದು ಒಂದು ಅಂಕಿ ಕೊಡ್ತಾಳಂತ.
ಅಂಕಿ ಚಲೋ ಬಂದ್ರ ಬ್ಯಾಂಕಿನವರು
ಬಡ್ಡಿ ಅರ್ಧ ಟಕ್ಕಾ ಇಳಸ್ತಾರ.

"ಕಾಗದ ತಯಾರ್ ಇಡ್ರಿ ಮಾವಶಿ,
ಪಾವತಿ, ಫೋಟೊ, ಖಿಡಕಿ ಅಳತಿ.
ಗ್ವಾಡಿ ಒಳಗಿಂದು ನನಗ ಕಾಣಂಗಿಲ್ಲ.
ಪುರಾವೆ ಇರದ್ದನ್ನ
ಇಲ್ಲ ಅಂತನೇ ಬರೀಬೇಕು ನಾ. ನೇಮ ಹಂಗ ಅದ."

ಆ ನೇಮ ನನಗ ಹೊಸದಲ್ಲ.

ಇದೇ ಪತ್ರಾಸಿನ ಕೆಳಗ ಹತ್ತೊಂಬತ್ತು ವರ್ಷ
ಕಾಂಡಿ ಸುತ್ತೀನಿ. ಇಪ್ಪತ್ನಾಲ್ಕು ಮಗ್ಗ,
ಏಪ್ರಿಲ್ ತಿಂಗಳದಾಗ ಕಬ್ಬಿಣಕ್ಕ ಕೈ ಹಚ್ಚಿದ್ರ ಚರ್ಮ ಅಂಟೋದು.
ಅಕ್ಕಲಕೋಟಿ ಪ್ಯಾಟ್ಯಾಗಿನ ಚಾದರಕ್ಕೆಲ್ಲ ನನ್ನ ಬೆವರ ವಾಸನಿ ಇತ್ತು
ಅಂತ ಸುಗಲಾ ಇನ್ನೂ ನಗ್ತಾಳ.
ಮಗ್ಗ ನಿಂತ ದಿನ ಲೆಕ್ಕದಾಂವ ಮಸ್ಟರ್ ತೆರೆದ,
ಮ್ಯಾಲಿಂದ ಕೆಳಗ ಬೆರಳಾಡಿಸಿದ,
"ನಿನ್ನ ಹೆಸರು ಎಲ್ಲ್ಯದ?" ಅಂದ.
ಇದ್ದದ್ದು ಗಂಡನ ಹೆಸರು. ನಾ ಆಂವಗ ಮದತಿಗೆ ಬಂದಾಕಿ.
ಕಿವಿಯೊಳಗ ರಾತ್ರಿ ಈಗೂ ಮಗ್ಗ ಹೊಡಕೋತದ.
ಅದರ ಫೋಟೊ ಯಾರು ತಗೀಬೇಕು?

ಅದಕ್ಕ ಈ ಸಲ, ಶೆಡ್ಡು ತಗೊಂಡು
ನಾನೂ ತಂಗಿ ಸುಗಲಾಬಾಯಿನೂ ಮನೀ ಮಾಡಾಕ ನಿಂತಾಗಿಂದ
ಒಂದು ಚೀಟಿ ಕಳಕೊಂಡಿಲ್ಲ ನಾ.
ಖಾರಿ ಡಬ್ಬಿ ತುಂಬ ಪಾವತಿ ಅದಾವ:
ಪತ್ರಾಸಿನ ಕೆಳಗ ಹಾಸಿದ ಎರಡಿಂಚಿನ ಥರ್ಮಾಕೋಲ್ ಹಾಳಿ,
ಮ್ಯಾಲ ಬಳಿದ ಬಿಳೀ ಬಣ್ಣ, ಐದು ಚುಕ್ಕಿ ಫ್ಯಾನು ನಾಕು.
ಛತ್ತು ಮುಚ್ಚೂ ಮೊದಲು ಫೋಟೊ ಹಿಡದೀನಿ,
ಅಳತಿ ಟೇಪ್ ಕಾಣೂ ಹಂಗ ಸುಗಲಾ ಕೈ ಚಾಚಿ ನಿಂತಾಳ,
ಆಕಿ ಮುಖ ಬಂದಿಲ್ಲ, ಬಳಿ ಬಂದಾವ.
ಮೂಡಣ ಖಿಡಕಿ ಮೂರು ಫೂಟು ನಾಕಿಂಚು.
ಬಡಗಣ ಖಿಡಕಿ ಹೊಸದು, ಗಾಳಿಗಂತ ಒಡಸಿದ್ದು.
ದೀಪ ಎಣಿಸಿ ಸುಗಲಾ ಕೇಳಿದಳು,
"ದೇವರ ಮುಂದಿನ ಸಣ್ಣ ಕೆಂಪುದೂ ಬರೀಬೇಕೇನ?"
ಬರಿ ಅಂದೆ. ಆಂವನೂ ಕರೆಂಟ್ ತಿಂತಾನಲ್ಲ.

ಉಳದದ್ದು ಪಡುವಣ ಗ್ವಾಡಿ.
ಮಧ್ಯಾಹ್ನ ಮ್ಯಾಲ ಸೂರ್ಯ ಕುಂತು ಕಾಯಸೂದೇ ಅದನ್ನ.
ಎರಡು ಸಾಲ ಇಟ್ಟಂಗಿ, ನಡುವ ಹಾಳಿ, ಹಂಗ ಕಟ್ಟಂದಿದ್ದೆ.
ನಾ ತಾಲೂಕ ಕಚೇರಿಗೆ ಹೋಗಿ ಬರೂದರಾಗ
ಗೌಂಡಿ ಮೈನೂದ್ದೀನ ಗಿಲಾಯ ಮುಗಿಸಿ ಕೈ ತೊಳಕೊಂಡಿದ್ದ.
"ಹಾಕೀನಿ ಅಕ್ಕಾ, ಖುದಾನ ಆಣಿ" ಅಂದ.
ಆಂವ ಸುಳ್ಳು ಹೇಳೂ ಮನುಷ್ಯಾ ಅಲ್ಲ.
ಆದರ ಆಣೀನ ಡಬ್ಬ್ಯಾಗ ಹ್ಯಾಂಗ ಹಾಕಿಡ್ಲಿ?

ಒಂಬತ್ತಕ್ಕ ಉಂಡು, ಹಾರಿ ಹಿಡಕೊಂಡು ಬಂದು ಕುಂತೆ.
ಮೊಣಕಾಲ ಎತ್ತರದಾಗ, ಕಾಟು ಬರೂ ಜಾಗಾ ನೋಡಿ,
ನಾಕು ಬೆರಳು ಅಗಲ ಕಡದೆ.
ಸಿಮಿಟ್ ಉದುರಿತು. ಇಟ್ಟಂಗಿ ಕೆಂಪು ಬಂತು.
ಇನ್ನೊಂದು ಪೆಟ್ಟು, ಮತ್ತೊಂದು,
ಆಮ್ಯಾಲ ಮೆತ್ತಗ ಏನೋ ತಗಲಿತು ಹಾರಿಗೆ.
ಬೆರಳು ಇಟ್ಟು ನೋಡಿದೆ.
ಉಗುರಿಗೆ ಬಿಳೀ ಕಾಳು ಅಂಟಿ ಬಂತು,
ಸಾಬೂದಾಣಿ ಹಂಗ.

ಇತ್ತು.
ಯಾಕೋ ಅಲ್ಲೇ ಸ್ವಲ್ಪ ಹೊತ್ತು ಕುಂತೆ.

ಸುಗಲಾ ಕಸಬರಗಿ ತಗೊಂಡು ಬಂದಳು, ಬೈಕೋತ.
ಬಳೀಬ್ಯಾಡ, ಹಂಗ ಇರಲಿ ಅಂದೆ,
ಆ ಪೋರಿ ಬಂದು
ಬಗ್ಗಿ ನೋಡೂ ತನಕ.