ಚುಕ್ಕೆ

ನಾರ್ವಾದ ನೀರು ಸರಬರಾಜು ಕಚೇರಿಯಿಂದ
ಮೂರನೇ ಸಲ ಫೋನು:
ಕಡತ ಮುಟ್ಟಿದರೆ ಸಾಕು, ಕಂಪ್ಯೂಟರು ಹೆದರಿಸುತ್ತದೆ, ಬನ್ನಿ.

ಹೋದೆ. ಫೆಬ್ರವರಿ. ಬೂಟಿನ ಹಿಮ ಹೊಸ್ತಿಲಲ್ಲೇ ಕೊಡವಿದೆ.
ಜಿನೈದಾ ಅರ್ಕಾದಿಯೆವ್ನಾ ಕುರ್ಚಿ ಬಿಟ್ಟುಕೊಟ್ಟರು,
ಅದರ ಮೇಲಿನ ಉಣ್ಣೆದಿಂಬು ಮಾತ್ರ ಕಂಕುಳಲ್ಲೇ ಇಟ್ಟುಕೊಂಡರು.

"ನೋಡು ಮಗಾ" ಎಂದು ಒತ್ತಿದರು.
ಹಳದಿ ಗುರಾಣಿಯೊಂದು ಎದ್ದು ನಿಂತಿತು:
ಈ ಕಡತದಿಂದ ಹಾನಿಯಾಗಬಹುದು.
ಪ್ರಕಾಶಕರು: ಅಜ್ಞಾತ.
ತೆರೆಯಲೇ, ಬೇಡವೇ?

"ಅಜ್ಞಾತವಂತೆ!
ಗೋಡೆಯಾಚೆ, ಮೆಟ್ಟಿಲ ಕೆಳಗೆ,
ಪೊರಕೆ ಪಕ್ಕ ಕೂತಿದೆ ಆ ಪೆಟ್ಟಿಗೆ.
ವರದಿ ಬರೆದವಳು ನಾನು.
ಗುಂಡಿ ಅಗೆದವನು ಯೆಫಿಮ್, ಅಗೋ, ಚಹಾ ಕುಡಿಯುತ್ತಿದ್ದಾನೆ.
ಒಡೆದ ಪೈಪು ಹಳೇ ಗಿರಣಿಯ ಹಿಂದೆ.
ಅಜ್ಞಾತ ಯಾರಪ್ಪ ಇದರಲ್ಲಿ?"

ದಿನಕ್ಕೆ ಎಪ್ಪತ್ತು ಸಲ, ಎಡಬಾಣ, ಎಂಟರ್.
ಕ್ಯಾಲೆಂಡರಿನ ಅಂಚಿನಲ್ಲಿ ಗೀಟು ಹಾಕಿ ಎಣಿಸಿದ್ದರು.

ಬಲ್ಲವನ ಹಾಗೆ ಮೌಸಿನ ಬಲಗಿವಿ ಹಿಂಡಿದೆ,
ತಡೆ ತೆಗೆಯುವ ಗುಂಡಿಗೆ ತಡಕಾಡಿದೆ;
ಇರಲಿಲ್ಲ. ಕಡತಕ್ಕೆ ಯಾವ ಕಳಂಕವೂ ಅಂಟಿರಲಿಲ್ಲ.
ವೈರಸ್ ಕಾಯುವವನನ್ನು ಬೈದೆ. ಪಾಪ, ಅವನದೇನೂ ಇಲ್ಲ.
ಗಂಟೆ ಹೊಡೆಯಿತು. ಯೆಫಿಮನದು ಎರಡನೇ ಲೋಟ.

ಆಮೇಲೆ ವಿಳಾಸ ಓದಿದೆ.
ಹಳೆಯ ಪೆಟ್ಟಿಗೆಗೆ ಒಂದು ಹೆಸರಿತ್ತು: ವೆಸಿ,
ಎಸ್ಟೋನಿಯನ್ನಿನಲ್ಲಿ ನೀರು.
ಹೊಸದನ್ನು ತಂದಿಟ್ಟ ಶನಿವಾರ ಸಂಜೆ
ನನಗೇ ರೈಲಿನ ಅವಸರ,
ನಾಮಕರಣ ಮಾಡದೆ ಅಂಕೆಯಲ್ಲೇ ಬಿಟ್ಟು ಹೋಗಿದ್ದೆ:
ಹತ್ತು ಚುಕ್ಕೆ ಸೊನ್ನೆ ಚುಕ್ಕೆ ನಾಲ್ಕು ಚುಕ್ಕೆ ಹದಿನೇಳು.

ಯಂತ್ರದ ಲೆಕ್ಕ ಸರಳ.
ಬರೀ ಹೆಸರು ಹಿಡಿದು ಕರೆದರೆ ಮನೆಯವರು.
ವಿಳಾಸದಲ್ಲಿ ಚುಕ್ಕೆ ಕಂಡರೆ ಪರದೇಶಿ,
ನಡುವಿನ ತಂತಿ ಮೂರೇ ಮಾರಿದ್ದರೂ.

ಹೀಗೆ ವಿವರಿಸಿದೆ. ಜಿನೈದಾ ನಗಲಿಲ್ಲ.
ಡ್ರಾವರಿನಿಂದ ಬೂದು ರಟ್ಟಿನ ಪಾಸ್‌ಪೋರ್ಟು ತೆಗೆದು
ಕೀಲಿಮಣೆಯ ಮೇಲೆ ಬಿಡಿಸಿಟ್ಟರು.
ಹುಟ್ಟಿದ ಊರು: ನಾರ್ವಾ.
ಪೌರತ್ವ: ನಿರ್ಧಾರವಾಗಿಲ್ಲ.

"ಇದರಲ್ಲಿ ಚುಕ್ಕೆ ಎಲ್ಲಿದೆ, ತೋರಿಸು."

ನಾನು ತಾರ್ತುವಿನವನು.
ನನ್ನ ರಟ್ಟು ಕಡುಗೆಂಪು, ಕೇಳದೆ ಸಿಕ್ಕಿದ್ದು.
ಕಿಟಕಿಯಲ್ಲಿ ಸೇತುವೆ, ಅದರ ಬಾಯಲ್ಲಿ ಚೀಲ ಹಿಡಿದವರ ಸಾಲು,
ಆಚೆ ದಡದ ಮೂರನೇ ಮಹಡಿಯಲ್ಲಿ ಈಕೆಯ ತಂಗಿ.
ಪರದೆಯ ಕಡೆ ತಿರುಗಿಕೊಂಡೆ.

ವಲಯಗಳ ಪಟ್ಟಿ ತೆರೆದು
ಸ್ಥಳೀಯ ಎಂಬ ಖಾನೆಯಲ್ಲಿ
ಅಂಕೆಗಳನ್ನು ಚುಕ್ಕೆ ಸಮೇತ ಬರೆದೆ.
ಸೇರಿಸು. ಸರಿ. ಮುಚ್ಚು.

"ಇಷ್ಟೇನಾ?"
"ಇಷ್ಟೇ."
"ಭಾಷೆಯ ಪರೀಕ್ಷೆ ಇಲ್ಲ?"
ಯೆಫಿಮನಿಗೆ ಚಹಾ ನೆತ್ತಿಗೇರಿತು.

ದಿಂಬು ಹಾಸಿ ಕೂತು, ವರದಿಯನ್ನು ಒತ್ತಿದರು.
ಹಳದಿ ಗುರಾಣಿ ಬರಲಿಲ್ಲ, ಪುಟ ಸುಮ್ಮನೆ ಬಿಚ್ಚಿಕೊಂಡಿತು.
ಅವರ ಬೆರಳಿಗೆ ಯಾರೂ ಹೇಳಿರಲಿಲ್ಲ.
ಎಡಬಾಣ, ಎಂಟರ್ ಎಂದು ಬಡಿದೇ ಬಿಟ್ಟಿತು,
ಒಡೆದ ಪೈಪಿನ ವರದಿಯ ನೆತ್ತಿಯಲ್ಲಿ
ಒಂದು ಖಾಲಿ ಸಾಲು.

ಅಳಿಸಲು ಬಾಗಿದೆ.
"ಇರಲಿ ಬಿಡು" ಎಂದರು.
"ನಿನ್ನ ಬೂಟು ಒದ್ದೆ, ಹೀಟರಿನ ಹತ್ತಿರ ಇಡು."