ಮೂರು ಗೆರೆ

ಪುಖರಾಜ ಗಾಜಿನ ಮೇಲೆ ಎರಡನ್ನೂ ಇಟ್ಟ.
ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ, ಎರಡೂ ಕಪ್ಪು,
ಎರಡಕ್ಕೂ ತುದಿಯಲ್ಲಿ ಹಿತ್ತಾಳೆಯ ಹಲ್ಲು.
'ಇದು ಕಂಪನೀದು, ಐದು ಸಾವಿರದ ಇನ್ನೂರು.
ಇದು ಒಂಬೈನೂರೈವತ್ತು. ಕೆಲಸ ಅದೇ ಮಾಡ್ತದೆ ಅಕ್ಕ.
ನಿಮಗೆ ಅಂತ, ಒಂಬೈನೂರು.'

ಹೊರಗೆ ಬಿ.ಎಂ. ರಸ್ತೆಯಲ್ಲಿ ಆಲೂಗೆಡ್ಡೆ ಲಾರಿಯೊಂದು
ಹಾರ್ನು ಒತ್ತಿಕೊಂಡೇ ನಿಂತಿತ್ತು.

ಒರಿಜಿನಲ್ಲನ್ನು ಎತ್ತಿ
ಅದರ ಮಿನುಗುಚೀಟಿಯನ್ನು ಬೆಳಕಿಗೆ ಓರೆ ಹಿಡಿದೆ.
ಹಸಿರು ಹೋಗಿ ನೇರಳೆ ಬಂತು.
ಚೀಟಿಗೂ ಈಗ ಡೂಪ್ಲಿಕೇಟ್ ಬರುತ್ತದಂತೆ,
ಪುಖರಾಜನೇ ಹೇಳಿದ,
ಬೇರೆ ಯಾರದೋ ಅಂಗಡಿಯ ಸುದ್ದಿ ಹೇಳುವ ಹಾಗೆ.

ನನ್ನ ಲೆಕ್ಕ:
ಎರಡು ದಿನದ ಮದುವೆಗೆ ಧರಣೇಂದ್ರಯ್ಯನವರ ಸ್ಟುಡಿಯೊ
ಕೊಡುವುದು ಮೂರು ಸಾವಿರದ ಐನೂರು.
ಊಟ ಮದುವೆಮನೆಯದು, ಬಸ್ಸು ಹೆಂಗಸರಿಗೆ ಫ್ರೀ.
ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ
ಬೆಳ್ಳಿ ಅಕ್ಷರದಲ್ಲಿ ಸ್ಟುಡಿಯೊದ ಹೆಸರು.
ಕಂಪನಿಯ ಹೆಸರಿಲ್ಲ ಅಂತ ಒಂದನ್ನು ತಳ್ಳಿಹಾಕಲು
ನಾನು ಯಾವ ಕಂಪನಿ?
ಒಂಬೈನೂರು ಎಣಿಸಿ ಕೊಟ್ಟೆ.

ಸುಳ್ಳು ಹೇಳಬಾರದು, ಚೆನ್ನಾಗಿಯೇ ದುಡಿಯಿತು.
ಹನ್ನೊಂದು ಮದುವೆ, ಎರಡು ಸೀಮಂತ,
ಆಲೂರಿನ ಶಾಲೆಯೊಂದರ ಗ್ರೂಪ್ ಫೋಟೊ,
ಒಂದು ವೈಕುಂಠ ಸಮಾರಾಧನೆ.

ಒರಿಜಿನಲ್ಲಿನ ಗುಣ ಬೇರೆ.
ಅದು ಸೋಲುವ ಮುಂಚೆ ಹೇಳುತ್ತದೆ.
ನಲವತ್ತು, ಹದಿನೆಂಟು, ಆರು,
ಕೊನೆಗೆ ಕೆಂಪಗೆ ಕಣ್ಣು ಮಿಟುಕಿಸಿ, ಆಯ್ತಮ್ಮ, ಬದಲಾಯಿಸು.
ಇದು ಹೇಳುವುದಿಲ್ಲ.
ಮೂರು ಗೆರೆ, ಮೂರು ಗೆರೆ, ಮೂರು ಗೆರೆ,
ಆಮೇಲೆ ಇಲ್ಲ.
ನಮ್ಮ ದೊಡ್ಡಪ್ಪನೂ ಹಾಗೇ.
'ನಂಗೇನಾಗಿದೆ, ಗುಂಡುಕಲ್ಲು' ಎಂದು
ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

ದುದ್ದದ ಕಲ್ಯಾಣಮಂಟಪ. ಹತ್ತೂ ನಲವತ್ತು.
'ಗಟ್ಟಿಮೇಳ ಗಟ್ಟಿಮೇಳ' ಎಂದು ಯಾರೋ ಬೆರಳಾಡಿಸಿದರು,
ಡೋಲು ಮೇಲೆದ್ದಿತು,
ನನ್ನ ಕಣ್ಣೊಳಗಿನ ಚೌಕ ಕಪ್ಪಾಯಿತು.

ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದೆ.
ಹನ್ನೊಂದು ಮದುವೆಗಳಲ್ಲಿ ನೋಡಿರದಿದ್ದದ್ದು:
ಹುಡುಗನ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ.
ಮೂರನೆಯದಕ್ಕೆ ನಾದಿನಿ ಕೈಹಾಕಿದಳು.
ಲಿಖಿತಾಳ ಗಲ್ಲದಿಂದ ಒಂದು ಹನಿ ಜಾರಿ
ಅರಿಶಿನದ ಕೊಂಬಿನ ಮೇಲೆ ಕೂತಿತು.
ಅಕ್ಷತೆ ನನ್ನ ತಲೆಯ ಮೇಲೂ ಬಿತ್ತು,
ಸತ್ತ ಲೆನ್ಸಿನೊಳಗೂ ನಾಲ್ಕು ಕಾಳು.

ಚೀಲದಿಂದ ಇನ್ನೊಂದು ತಂದು ಹಾಕುವಷ್ಟರಲ್ಲಿ
ಜನ ಆಗಲೇ ಊಟದ ಹಾಲಿನ ಕಡೆ ಮುಖ ಮಾಡಿದ್ದರು.
'ಸಾರ್, ಇನ್ನೊಂದ್ಸಲ' ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ.
ಪುರೋಹಿತರು ಗಡಿಯಾರ ನೋಡಿ,
'ಮುಹೂರ್ತ ಮುಗೀತಲ್ಲಮ್ಮ. ಪರವಾಗಿಲ್ಲ, ಫೋಟೊಗೆ ರಾಹುಕಾಲ ಇಲ್ಲ.'

ಕಟ್ಟಿದ ದಾರವನ್ನೇ ಕಟ್ಟುವ ಹಾಗೆ ಹಿಡಿದ.
ಈ ಸಲ ಬೆರಳಿಗೆ ದಾರಿ ಗೊತ್ತಿತ್ತು.
ಅವಳು ನಗುತ್ತಿದ್ದಳು, ಹಲ್ಲು ಕಾಣುವಷ್ಟು.
ಅಣ್ಣತಮ್ಮಂದಿರು ನೆಲದ ಅಕ್ಷತೆಯನ್ನೇ ಬಾಚಿ ಮತ್ತೆ ಎಸೆದರು.
ಬೆಳಕು ಚೆನ್ನಾಗಿತ್ತು. ಹನ್ನೆರಡು ಕ್ಲಿಕ್ಕು.

ಮೊನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸಿಕ್ಕಳು,
ಕಂಕುಳಲ್ಲಿ ಮಗು, ಕೈಯಲ್ಲಿ ಸೊಪ್ಪು.
'ಅದನ್ನೇ ದೊಡ್ಡದು ಮಾಡಿಸಿ ಹಾಲಿನಲ್ಲಿ ಹಾಕಿದೀವಿ ಅಕ್ಕ,
ನಮ್ಮತ್ತೆ ಬಂದೋರಿಗೆಲ್ಲ ತೋರಿಸ್ತಾರೆ.'
ಒಳ್ಳೇದಾಯ್ತು ಎಂದೆ.
ಆ ಹನಿಯ ವಿಷಯ ಹೇಳಲಿಲ್ಲ.
ಹೇಳಿದರೆ ಪುರಾವೆ ಏನು ಕೊಡಲಿ?

ಪುಖರಾಜನಿಗೆ ಎರಡು ಕಂತಿನಲ್ಲಿ ದುಡ್ಡು ಕಟ್ಟಿ
ಕೊನೆಗೆ ಒರಿಜಿನಲ್ಲನ್ನೂ ತಂದೆ.
ಹಳೆಯದನ್ನು ಬಿಸಾಕಿಲ್ಲ. ಅದರ ಬೆನ್ನಿನಲ್ಲಿ
ಹೆಸರು ಬರೆಯಲು ಖಾಲಿ ಜಾಗವಿತ್ತು, ನನ್ನದೇ ಬರೆದುಕೊಂಡಿದ್ದೇನೆ.
ಧಾರೆಯ ಹೊತ್ತಿಗೆ ಕಂಪನಿಯದು.
ಊಟದ ಪಂಕ್ತಿಗೆ ಇದು.
ಅಲ್ಲಿ ಇದು ಕಣ್ಣು ಮುಚ್ಚಿದರೂ
ಯಾರೂ ಮತ್ತೆ ಹಸಿಯಬೇಕಾಗಿಲ್ಲ.